ಬಾಳ್ಯಾನಿಗೆ ರಕ್ತ ಕೊಟ್ಟವನು

ಮೈಲಾರಲಿಂಗನ ಬಳಗದವರೇ, ನಿಮ್ಮಲ್ಲಿ ಹಲವರ ಮನೆಯಲ್ಲಿ ನಾಯಿ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ ನಮ್ಮ ಯಜಮಾನರಿಗೆ ಕಳೆದ ವರ್ಷ ಲಕ್ವಾ ಹೊಡೆಯಿತು. ನಡೆದಾಡಿ ಎಂದು ಡಾಕ್ಟರು ಹೇಳಿದರೆ ಇವರು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಜೊತೆಗಿರಲೆಂದು ಕೊಲ್ಹಾಪುರದ ಬೀದಿನಾಯಿಗಳ ಆಶ್ರಯದಿಂದ ಬಾಳ್ಯಾನನ್ನು ತಂದೆ. ಅಲ್ಲಿಯವರು ಏನನ್ನೂ ಮುಚ್ಚಿಡಲಿಲ್ಲ. ಉಣ್ಣಿ ಕಚ್ಚಿ ಜ್ವರ ಬಂದುಹೋಗಿದೆ, ಮೈಯಲ್ಲಿ ರಕ್ತ ಕಡಿಮೆ, ಗುಳಿಗೆ ತಪ್ಪಿಸಬೇಡಿ, ಒಸಡು ಬೆಳ್ಳಗಾದರೆ ಕೂಡಲೇ ದವಾಖಾನೆಗೆ ಒಯ್ಯಿರಿ ಎಂದಿದ್ದರು. ತಿಂಗಳೊಳಗೆ ಇವರು ಬಾಳ್ಯಾನ ಹಿಂದೆ ಓಣಿಯ ತುದಿಯವರೆಗೆ ಹೋಗಿಬರತೊಡಗಿದರು. ನನಗಂತೂ ಹೋದ ಜೀವ ಬಂದಂತಾಯಿತು.

ಮೈಲಾರನ ಹಬ್ಬ ಚಂಪಾಷಷ್ಠಿ ಬಂತು. ನಾಯಿ ನಮ್ಮ ದೇವರದ್ದು, ಅದಕ್ಕೆ ಎಡೆ ಹಾಕದೆ ನಾವು ತುತ್ತು ಎತ್ತುವುದಿಲ್ಲ. ಸುಟ್ಟ ಬದನೆಕಾಯಿಯ ಭರೀತಕ್ಕೆ ಉಳ್ಳಾಗಡ್ಡಿ ಧಾರಾಳವಾಗಿ ಹಾಕಿದ್ದೆ. ಬಾಳ್ಯಾ ತಾಟು ನೆಕ್ಕಿ ಮುಗಿಸಿದ. ಮೂರನೆಯ ದಿನ ಅವನ ಒಸಡು ಸುಣ್ಣದ ಹಾಗಾಯಿತು, ಎದ್ದು ನಿಲ್ಲಲಾರ. ಕಂಬಳಿಯಲ್ಲಿ ಸುತ್ತಿಕೊಂಡು ಕೊಲ್ಹಾಪುರದ ಬಸ್ಸು ಹತ್ತಿದೆ. ಕಂಡಕ್ಟರ್ ಒಮ್ಮೆ ಇಣುಕಿ ನೋಡಿ, "ಮಾವಶಿ, ಬಸಾ" ಎಂದು ಸೀಟು ಬಿಡಿಸಿಕೊಟ್ಟ.

ದನದ ದವಾಖಾನೆಯ ಡಾಕ್ಟರಮ್ಮ ಏನು ತಿನ್ನಿಸಿದಿರಿ ಎಂದು ಕೇಳಿದರು, ಹೇಳಿದೆ. ನಾಯಿಗೆ ಉಳ್ಳಾಗಡ್ಡಿ ವಿಷ, ಇದ್ದಷ್ಟು ರಕ್ತವನ್ನೂ ಅದು ಕೆಡಿಸಿದೆ, ಬೇರೆ ನಾಯಿಯ ರಕ್ತ ಸಿಗದಿದ್ದರೆ ಉಳಿಯುವುದಿಲ್ಲ ಎಂದರು. ದೇವರ ಎಡೆಯೇ ವಿಷವಾಯಿತೇ ಎಂದು ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಬಾಳ್ಯಾ ಹೋದರೆ ನಮ್ಮ ಯಜಮಾನರು ಮತ್ತೆ ಹಾಸಿಗೆ ಬಿಟ್ಟು ಏಳುವವರಲ್ಲ. "ನಿನ್ನ ನಾಯಿ ಇದು ಮೈಲಾರಾ, ನೀನ ನೋಡ್ಕೋ" ಎಂದು ಬೆಂಚಿನ ಮೇಲೆ ಕೂತು ದೇವರೊಡನೆ ಜಗಳ ತೆಗೆದೆ.

ಕಣ್ಣೊರೆಸಿಕೊಂಡು ನೋಡಿದರೆ ಬಾಗಿಲಲ್ಲಿ ಒಂದು ದೊಡ್ಡ ನಾಯಿ, ಹಣೆಯ ತುಂಬ ದೇವರ ಭಂಡಾರದ ಅರಿಶಿನ. ದಡಕ್ಕನೆ ಎದ್ದು ನಿಂತೆ. ಕುರಿ ಮೇಯಿಸುತ್ತ ಈ ಕಡೆ ಬಂದಿದ್ದ ನೂಲ ಊರಿನ ಕುರುಬರೊಬ್ಬರು ಅದರ ಕಾಲಿನ ಮುಳ್ಳು ತೆಗೆಸಲು ಕರೆತಂದಿದ್ದರು. ಇದರ ರಕ್ತ ಕೊಡಿಸುತ್ತೀರಾ ಎಂದು ಡಾಕ್ಟರಮ್ಮ ಕೇಳಿದೊಡನೆ ಕುರುಬರು ಒಪ್ಪಿದರು. ತಪಾಸಣೆ ಮಾಡಿದಾಗ ರಕ್ತ ಹೊಂದಿತು, ಬಾಳ್ಯಾನಿಗೆ ಏರಿಸಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಳ್ಯಾನ ಒಸಡಿಗೆ ಬಣ್ಣ ಬಂತು, ಬಾಲ ಅಲುಗಿತು.

ನಾನು ಕುರುಬರ ಕಾಲಿಗೆ ಬಾಗಿದೆ. ಅವರು ಹಿಂದೆ ಸರಿದರು.

"ನನ್ನ ಕಾಲ್ ಯಾಕ ಮುಟ್ಟತೀರಿ ಅಕ್ಕಾರ? ರಕ್ತಾ ಕೊಟ್ಟಾಂವ ಅಲ್ಲಿ ಕುಂತಾನ ನೋಡ್ರಿ."

ಈಗ ಬಾಳ್ಯಾ ನಮ್ಮವರನ್ನು ಪೇಟೆಯವರೆಗೂ ಎಳೆದೊಯ್ಯುತ್ತಾನೆ. ಎಡೆಯಲ್ಲಿ ಅವನ ಪಾಲಿಗೆ ಬರೀ ರೊಟ್ಟಿ, ನೀವೂ ಹಾಗೇ ಮಾಡಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಅಂದು ದವಾಖಾನೆಯಲ್ಲಿ ಎಲ್ಲರೆದುರು ಆ ನಾಯಿಯ ಮುಂದೆ ಮಂಡಿಯೂರಿದೆ. ಏಳುಕೋಟಿ ಎಂದು ದೇವರ ಜಯಕಾರ ಹಾಕಿ ಅದರ ಪಾದ ಮುಟ್ಟಿದೆ. ಹುಟ್ಟಿದಾಗಿನಿಂದ ಮೈಲಾರನಿಗೆ ಕೈ ಮುಗಿಯುತ್ತ ಬಂದವಳು ನಾನು, ಅವನ ಮುಖ ಕಂಡದ್ದು ಅಂದು.