ದತ್ತು ಚೀಟಿ ಮತ್ತು ಎಂಟರ ತಿರುವು

ಈ ಕಥೆಯನ್ನು ನಾನು ಒಂದು ವರ್ಷ ತಪ್ಪಾಗಿ ಹೇಳಿಕೊಂಡು ತಿರುಗಿದ್ದೇನೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಯಶವಂತಪುರದ ಬಸ್ಸಿನಲ್ಲಿ, ಒಮ್ಮೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಅಲ್ಲಾಡದೆ ನಿಂತ ಕ್ಯಾಬಿನ ಚಾಲಕನಿಗೂ ಹೇಳಿದ್ದೇನೆ. ಹೇಳಿದಾಗಲೆಲ್ಲ ಜನ ನಕ್ಕಿದ್ದಾರೆ. ಕೇಳಿದವರು ನಕ್ಕರೆ ಅದು ನಡೆದದ್ದೇ ಇರಬೇಕೆಂದು ನನ್ನ ನೆನಪು ತೀರ್ಮಾನಿಸಿಬಿಡುತ್ತದೆ. ಹೋದ ತಿಂಗಳು ಏನನ್ನೋ ಹುಡುಕುತ್ತ ಹಳೆಯ ದಿನಚರಿ ತೆರೆದೆ. ಒಂದು ಹಾಳೆ ಅರ್ಧಕ್ಕೆ ಹರಿದಿತ್ತು. ಅದಕ್ಕಾಗಿ ಈಗ ಮೊದಲಿನಿಂದ ಹೇಳುತ್ತಿದ್ದೇನೆ.

ಅಟ್ಟೂರಿನಲ್ಲಿ ನಾನು ಬಾಡಿಗೆಗಿರುವ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಓನರ್ ದಂಪತಿಗಳಿದ್ದಾರೆ. ಓನರ್ ಅವರ ಅಪ್ಪ ಈ ಜಾಗದಲ್ಲಿ ರಾಗಿ ಬೆಳೆದರು. ಮಗ ಬಾಡಿಗೆ ಮನೆಗಳನ್ನು ಬೆಳೆದರು. ಕಾರ್ ರೇಸ್ ಇರುವ ಭಾನುವಾರ ಸಂಜೆ ಅವರ ಮನೆಯ ಗೋಡೆಯಗಲದ ಟಿವಿ ಮುಂದೆ ನಾವು ಮೂವರು ಸೇರುತ್ತಿದ್ದೆವು. ಓನರ್, ಆರ್.ಟಿ. ನಗರದಲ್ಲಿ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕ್, ಮತ್ತು ನಾನು. ಮೆಕ್ಯಾನಿಕ್ ಅವರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಅವರು ಟಿವಿಯ ಸದ್ದು ಕೇಳಿಯೇ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದರು. ಯಾವ ತಂಡ ಎಷ್ಟು ವರ್ಷದಿಂದ ಹಾಳಾಗುತ್ತಿದೆ ಎಂಬುದು ಓನರ್‌ಗೆ ಬಾಯಿಪಾಠ. ನಾನು ಸಿದ್ಧಾಂತದವನು. ತಿರುವಿಗೆ ಯಾವ ಕಡೆಯಿಂದ ನುಗ್ಗಬೇಕು, ಬ್ರೇಕನ್ನು ಎಲ್ಲಿಯವರೆಗೆ ತಡೆದುಕೊಳ್ಳಬೇಕು ಎಂದು ವಿವರಿಸುತ್ತಿದ್ದೆ. ಭಾಯ್ ಗೌರವದಿಂದ ಕೇಳುತ್ತಿದ್ದರು: "ಮೇಷ್ಟ್ರೇ, ಈ ತಿರುವಿಗೆ ನಿಮ್ ಥಿಯರಿ ಏನು?"

ನನಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ನಾನು ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಸೀಸನ್ನಿನಲ್ಲೂ ಯಾರಿಗೂ ಬೇಡದ ಒಬ್ಬ ಡ್ರೈವರ್ ಇರುತ್ತಾನೆ. ಅವನನ್ನು ನಮ್ಮಲ್ಲೊಬ್ಬರು ದತ್ತು ತೆಗೆದುಕೊಳ್ಳಬೇಕು. ಖಾಲಿ ಉಪ್ಪಿನಕಾಯಿ ಜಾಡಿಗೆ ಚೀಟಿಗಳನ್ನು ಹಾಕಿ ಎತ್ತುವುದು. ಅವನ ಹೆಸರಿನ ಚೀಟಿ ಯಾರಿಗೆ ಬಂತೋ ಅವರು ಸೀಸನ್ ಮುಗಿಯುವವರೆಗೆ ಅವನ ವಕೀಲರು. ಅವನು ಏನೇ ಮಾಡಿದರೂ ಸಮರ್ಥಿಸಬೇಕು, ಬಿಟ್ಟುಕೊಡಬಾರದು. ಬಿಟ್ಟುಕೊಟ್ಟರೆ ಮುಂದಿನ ಭಾನುವಾರದ ತಿಂಡಿ ಅವರದು.

ಆ ವರ್ಷದ ಅನಾಥ, ಸಣ್ಣ ತಂಡವೊಂದಕ್ಕೆ ಸೇರಿದ್ದ ಹೊಸ ಹುಡುಗ. ಚೀಟಿಯನ್ನು ಓನರ್ ಹೆಂಡತಿ ತಾವಾಗಿಯೇ ಕೇಳಿ ಪಡೆದರು ಎಂದು ನಾನು ಹೇಳುತ್ತ ಬಂದಿದ್ದೆ. ದಿನಚರಿಯಲ್ಲಿ ಹೀಗಿದೆ: "ಹೊಸಬ ನನಗೆ ಬಂದ. ಅಕ್ಕನಿಗೆ ದಾಟಿಸಿದೆ." ನಾನೂ ಭಾಯ್ ಇಬ್ಬರೂ ಅವರನ್ನು ಅಕ್ಕ ಎನ್ನುತ್ತೇವೆ. ರೇಸ್ ನಡೆಯುವಾಗ ಅವರು ಸೋಫಾದ ತುದಿಯಲ್ಲಿ ಕೂತು ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ಶೆಟ್ಟಿಹಳ್ಳಿಯಲ್ಲಿರುವ ತಂಗಿಯ ಜೊತೆ ಸೇರಿ ಆ ಕೆಲಸ ಹಿಡಿದಿದ್ದರು.

ಮೊದಲ ರೇಸಿನಲ್ಲಿ ಆ ಹುಡುಗ ಟೈರ್ ಬದಲಿಸಲು ಬಂದವನು ಪಕ್ಕದ ತಂಡದವರ ಜಾಗದಲ್ಲಿ ಹೋಗಿ ನಿಂತ.

"ಇವ್ನು ರೇಸ್‌ಗೆ ಬಂದವ್ನಾ, ಸೈಟ್ ನೋಡಕ್ಕೆ ಬಂದವ್ನಾ?" ಎಂದರು ಓನರ್. "ಇಂಗೆ ಓಡ್ಸೋದಾದ್ರೆ ನಮ್ ಅಪ್ಪನ ಟ್ರ್ಯಾಕ್ಟ್ರೇ ವಾಸಿ."

ಅಕ್ಕ ದಾರ ಹಲ್ಲಿನಲ್ಲಿ ಕಡಿದು ಹೇಳಿದರು: "ನಿಮ್ಮನೆಗೆ ಬಂದ ಹೊಸದ್ರಲ್ಲಿ ನಂಗೆ ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ. ಸಾರಿಗೆ ಸೋಡಾ ಹಾಕ್ದೆ. ವಾಪಸ್ ಕಳಿಸಿದ್ರಾ?"

"ನಮ್ಮಮ್ಮ ಕಳ್ಸಾಣ ಅಂದ್ಲು."

"ಅದನ್ನ ಇವತ್ ಹೇಳ್ತಾ ಇದ್ದೀರಾ!"

"ಅಕ್ಕ ಹೇಳಿದ್ದು ಕರೆಕ್ಟ್," ಎಂದರು ಭಾಯ್. "ಹುಡ್ಗ ಪರ್ವಾಗಿಲ್ಲ. ಗಾಡೀನೇ ಸರಿ ಇಲ್ಲ, ಹಿಂದ್ಗಡೆ ಟೈರ್ ಹಿಡೀತಾ ಇಲ್ಲ."

"ಗಾಡಿ ಸರಿ ಇಲ್ಲ ಅಂತ ಎಲ್ಲಾ ಮೆಕ್ಯಾನಿಕ್ಕೂ ಏಳ್ತಾನೆ ಕಣಪ್ಪ."

ಎರಡನೆಯ ರೇಸಿನಲ್ಲಿ ಹುಡುಗ ತಿರುವನ್ನೇ ಗಮನಿಸದವನಂತೆ ನೇರ ಜಲ್ಲಿಕಲ್ಲಿನ ರಾಶಿಗೆ ಹೋದ. ಮೂರನೆಯದರಲ್ಲಿ ಕೊನೆಯವನಾದ. ಅಕ್ಕ ಒಮ್ಮೆಯೂ ಅವನನ್ನು ಬಿಟ್ಟುಕೊಡಲಿಲ್ಲ. "ನಂಗೇನ್ ಶಿಕ್ಷೆ ಭಯ? ಬಿಟ್ಕೊಟ್ರೂ ತಿಂಡಿ ನಾನೇ, ಬಿಡ್ದಿದ್ರೂ ತಿಂಡಿ ನಾನೇ," ಎಂದು ನಮ್ಮ ಮುಂದೆ ಮಂಗಳೂರು ಬಜ್ಜಿಯ ತಟ್ಟೆ ಇಟ್ಟರು. ನಮ್ಮ ನಿಯಮದಲ್ಲಿ ಇಂಥದೊಂದು ಲೋಪವಿದೆ ಎಂಬುದು ಅಲ್ಲಿಯವರೆಗೆ ಮೂವರು ಗಂಡಸರಿಗೂ ಹೊಳೆದಿರಲಿಲ್ಲ.

ಅದೇ ಸಮಯದಲ್ಲಿ ಅಕ್ಕ ಭಾಯ್ ಹತ್ತಿರ ಕಾರು ಕಲಿಯುತ್ತಿದ್ದರು. ಸೀರೆ ಗಂಟು ವಾರಕ್ಕೆರಡು ಬಾರಿ ಶೆಟ್ಟಿಹಳ್ಳಿಗೆ ಹೋಗಿ ಬರಬೇಕು. ಓನರ್ "ನಾನ್ ಬಿಡ್ತೀನಲ್ಲ" ಎನ್ನುತ್ತಿದ್ದರು, ಬಿಡುತ್ತಿರಲಿಲ್ಲ. ಅವರು ದೊಡ್ಡ ಗಾಡಿ ಕೊಂಡ ಮೇಲೆ ಹಳೆಯ ಸಣ್ಣ ಕಾರು ಪಾರ್ಕಿಂಗಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಅಕ್ಕ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದಾಗ ಓನರ್ ನಮ್ಮೆಲ್ಲರ ಮುಂದೆ ಷರತ್ತು ಹಾಕಿದರು: "ಎಲ್‌ಎಲ್‌ಆರ್ ಆರ್ ತಿಂಗ್ಳು ಇರ್ತದೆ. ಅಷ್ಟ್ರಲ್ಲಿ ಪಾಸಾದ್ರೆ ಆ ಕಾರ್ ನಿಂದು. ಇಲ್ಲಾಂದ್ರೆ ಮಾರಿಬಿಡ್ತೀನಿ, ಆಮೇಲೆ ನನ್ ಕೇಳ್ಬೇಡ." ನೆಲಮಹಡಿಯ ಬಾಡಿಗೆದಾರರು ಕೊಳ್ಳುವ ಆಸೆಯಿಂದ ಅಷ್ಟರಲ್ಲೇ ಅದರ ಟೈರನ್ನು ಒದ್ದು ನೋಡಿದ್ದರು.

ಮೇ ತಿಂಗಳಲ್ಲಿ ಮೊದಲ ಟೆಸ್ಟ್. ಭಾಯ್ ಅಕ್ಕನ ಜೊತೆ ಹೋಗಿದ್ದರು. ಎಂಟರ ಆಕಾರದ ಟ್ರ್ಯಾಕಿನಲ್ಲಿ ಗೆರೆ ದಾಟದೆ, ಕಂಬ ತಾಗಿಸದೆ ಸುತ್ತಿ ಬರಬೇಕು. ಅಕ್ಕ ನಿಧಾನವಾಗಿ ಹೊರಟರಂತೆ. ಮೊದಲ ತಿರುವು ಬರುತ್ತಲೇ ಕಾರನ್ನು ಬೇಕೆಂದೇ ಹೊರಗಿನ ಅಂಚಿಗೆ ಒಯ್ದು, ಅಲ್ಲಿಂದ ಒಳಗಿನ ಗೆರೆಗೆ ಕೊಯ್ದು, ಮತ್ತೆ ಹೊರಗೆ ಬಿಟ್ಟರಂತೆ. ಅಂದರೆ ನಾವು ಟಿವಿಯಲ್ಲಿ ನೋಡುವ ಡ್ರೈವರುಗಳು ಅಗಲವಾದ ರೇಸ್ ಟ್ರ್ಯಾಕಿನಲ್ಲಿ ಮಾಡುವುದನ್ನು, ಒಂದು ಕಾರಷ್ಟೇ ಹಿಡಿಯುವ ಹಾದಿಯಲ್ಲಿ ಮಾಡಿದರು. ಒಳಗೆ ಒಂದು ಕಂಬ, ಹೊರಗೆ ಎರಡು ಕಂಬ ಬಿದ್ದವು. ಇನ್‌ಸ್ಪೆಕ್ಟರ್ ಕಿಟಕಿಯ ಹತ್ತಿರ ಬಂದು, "ಅಮ್ಮಾ, ರಸ್ತೆ ಪೂರ್ತಿ ನಿಮ್ಮೊಬ್ರದ್ದೇ ಅಲ್ಲ," ಎಂದರಂತೆ.

ಇದು ಜನ ನಗುವ ಜಾಗ. ಇಲ್ಲಿ ನಾನು ಯಾವಾಗಲೂ ಸೇರಿಸುತ್ತಿದ್ದ ಮಾತೆಂದರೆ, ಆ ಐಡಿಯಾ ಅವರಿಗೆ ಕೊಟ್ಟದ್ದು ಭಾಯ್.

ಓನರ್ ಕೂಡ ಆ ಭಾನುವಾರ ಹಾಗೆಯೇ ಅಂದರು. "ಕಲ್ಸೋನ್ ನೀನು. ಏನ್ ಏಳ್ಕೊಟ್ಟೆ ಮಾರಾಯ? ಎಂಟ್ ಆಕಮ್ಮ ಅಂದ್ರೆ ರೇಸ್ ಆಡವ್ಳಲ್ಲ!"

ಭಾಯ್ ಟಿವಿ ನೋಡುತ್ತಲೇ ಹೇಳಿದರು: "ನಂದೇ ತಪ್ಪು ಅನ್ಕೊಳ್ಳಿ ಅಣ್ಣ. ಅಕ್ಕನಿಗೆ ಇನ್ನೊಂದ್ ಚಾನ್ಸ್ ಕೊಡಿ."

ಅಕ್ಕ ಕುಚ್ಚಿನಿಂದ ತಲೆ ಎತ್ತಲಿಲ್ಲ. ಆ ದಿನದ ನನ್ನ ದಿನಚರಿ: "ತಲೆನೋವು. ಹೆಚ್ಚು ಮಾತಾಡಲಿಲ್ಲ." ತಲೆನೋವಿತ್ತೆಂದು ನನಗೆ ನೆನಪಿಲ್ಲ.

ಮಳೆಗಾಲದಲ್ಲಿ ಭಾಯ್ ಬೇರೆ ರೀತಿ ಕಲಿಸಿದರು. ಹೊಸ ಲೇಔಟ್ ಒಂದರಲ್ಲಿ ಇನ್ನೂ ಮನೆ ಏಳದ ಅಗಲ ರಸ್ತೆ ಇತ್ತು. ಬೆಳಿಗ್ಗೆ ಮಳೆ ಬಿಟ್ಟ ದಿನ ಅಕ್ಕ ರಂಗೋಲಿ ಡಬ್ಬ ತಂದು ಅಲ್ಲಿ ಭಾರಿ ಎಂಟು ಬರೆಯುತ್ತಿದ್ದರು. ನಾನು ವಾಕಿಂಗ್ ನೆಪದಲ್ಲಿ ಹೋಗಿ ನೋಡಿದ್ದೇನೆ. ವಯಸ್ಸಾದ ದಂಪತಿಗಳು ಅದನ್ನು ಯಾವುದೋ ಪೂಜೆಯ ಮಂಡಲವೆಂದು ತಿಳಿದು, ಚಪ್ಪಲಿ ತಾಗದಂತೆ ದೂರದಿಂದ ಬಳಸಿ ಹೋದರು.

"ಮಧ್ಯದಲ್ಲಿ ಅಕ್ಕ, ಮಧ್ಯದಲ್ಲಿ," ಎಂದು ಭಾಯ್ ಕಾರಿನ ಪಕ್ಕ ನಡೆಯುತ್ತ ಹೇಳುತ್ತಿದ್ದರು. "ಕುದಿಯೋ ಹಾಲಿನ ಪಾತ್ರೆ ಹಿಡ್ಕೊಂಡು ಬರ್ತಾ ಇದ್ದೀರಿ ಅನ್ಕೊಳ್ಳಿ. ಟಿವಿ ಮರ್ತ್‌ಬಿಡಿ."

ಆಗಸ್ಟಿನಲ್ಲಿ ಹೊಸ ಹುಡುಗನನ್ನು ತಂಡ ತೆಗೆದುಹಾಕಿತು. ಅರ್ಧ ಸೀಸನ್ ಬಾಕಿ ಇರುವಾಗಲೇ ಅವನ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸಿದರು. ಓನರ್ ಫೋನಿನಲ್ಲಿ ಸುದ್ದಿ ಓದಿ ಹೇಳಿದರು: "ಮುಗೀತಮ್ಮ ನಿನ್ ಮಗಂದು. ಅವನ್ ಎಲ್‌ಎಲ್‌ಆರ್ ಮುಗ್ದೋಯ್ತು."

ನಾವು ನಕ್ಕೆವು. ನಾನು ನಕ್ಕದ್ದು ದಿನಚರಿಯಲ್ಲೂ ಇದೆ, ನೆನಪಿನಲ್ಲೂ ಇದೆ. ಎರಡೂ ಒಪ್ಪುವುದು ಅಪರೂಪ.

ಅಕ್ಕ ನಗಲಿಲ್ಲ. "ಒಂದ್ ಸಲ ಹದಿಮೂರನೇವ್ನಾಗಿ ಬಂದಿದ್ದ," ಎಂದರು. "ಅವತ್ ನೀವ್ಯಾರೂ ನೋಡ್ಲಿಲ್ಲ. ಮುಂದ್ಗಡೆಯವ್ರನ್ನೇ ನೋಡ್ತಿದ್ರಿ." ಆಮೇಲೆ ಸೂಜಿ ಡಬ್ಬಿಯಿಂದ ಅವನ ಚೀಟಿ ತೆಗೆದು ಒಮ್ಮೆ ನೋಡಿ ಮತ್ತೆ ಅಲ್ಲೇ ಇಟ್ಟರು. ಅವರ ಎಲ್‌ಎಲ್‌ಆರ್ ಮುಗಿಯಲು ಆಗ ಇಪ್ಪತ್ತು ದಿನವೂ ಉಳಿದಿರಲಿಲ್ಲ.

ಎರಡನೆಯ ಟೆಸ್ಟಿಗೆ ಅವರು ಓನರ್‌ಗೆ ಹೇಳದೆ ಹೋದರು. ಹನ್ನೊಂದು ಗಂಟೆಗೆ ನಾನು ಕೆಳಗೆ ನೀರಿನ ಕ್ಯಾನ್ ತರುತ್ತಿದ್ದಾಗ ಸಣ್ಣ ಕಾರು ಗೇಟಿನೊಳಗೆ ಬಂದು, ಎರಡು ಕಂಬಗಳ ನಡುವೆ ಹಿಮ್ಮುಖವಾಗಿ ಒಂದೇ ಸಲಕ್ಕೆ ನಿಂತಿತು. ಭಾಯ್ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. "ಪಾಸ್?" ಎಂದೆ. "ಒಂದ್ ಕಂಬಾನೂ ಅಲ್ಲಾಡ್ಲಿಲ್ಲ ಮೇಷ್ಟ್ರೇ," ಎಂದರು ಅಕ್ಕ. ಕಾರಿನ ಹೊದಿಕೆಯನ್ನು ಮಡಿಸಿ ನೆಲಮಹಡಿಯವರ ಬಾಗಿಲಿನ ಎದುರೇ ಒಣಗಲು ಹಾಕಿದರು. ಸಂಜೆ ಓನರ್ ಬಂದು ಅದನ್ನು ನೋಡಿ, "ಪೆಟ್ರೋಲ್ ನೀನೇ ಆಕ್ಸ್ಕೊ," ಎಂದಷ್ಟೇ ಹೇಳಿದರು.

ಇಲ್ಲಿಗೆ ನಾನು ಹೇಳುತ್ತಿದ್ದ ಕಥೆ ಮುಗಿಯುತ್ತಿತ್ತು.

ಹರಿದ ಹಾಳೆಯ ದಿನಾಂಕ ಮೊದಲ ಟೆಸ್ಟಿಗೆ ಎರಡು ದಿನ ಮುಂಚಿನದು. ಉಳಿದ ಅರ್ಧದಲ್ಲಿ ನನ್ನ ಪೆನ್ನಿನಲ್ಲಿ ಬರೆದ ಎಂಟರ ಕೆಳಗಿನ ಸೊನ್ನೆ ಇದೆ, ಬಾಣದ ಗುರುತುಗಳಿವೆ, ಪಕ್ಕದಲ್ಲಿ ನನ್ನದೇ ಅಕ್ಷರ: "ಹೊರಗೆ, ಒಳಗೆ, ಹೊರಗೆ." ಮೇಲಿನ ಸೊನ್ನೆಯೂ ಅದರ ಪಕ್ಕದ ಬರಹವೂ ಇದ್ದ ಅರ್ಧ ಇಲ್ಲ. ಅದನ್ನು ನೋಡಿದ ಮೇಲೂ ನನಗೆ ಏನೂ ನೆನಪಾಗಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಮೆಟ್ಟಿಲ ಮೇಲೆ ನಿಂತು ಹಾಳೆ ಹರಿದುಕೊಟ್ಟದ್ದು, ಅಕ್ಕ ಅದನ್ನು ಬ್ಲೌಸಿನೊಳಗಿನ ಪರ್ಸಿನಲ್ಲಿ ಇಟ್ಟುಕೊಂಡದ್ದು ಕೂಡಲೇ ನೆನಪಾಯಿತು. ಇಷ್ಟು ಸುಲಭವಾಗಿ ಬರುವುದು ಇಷ್ಟು ದಿನ ಎಲ್ಲಿತ್ತು ಎಂಬುದಕ್ಕೆ ನನ್ನ ಬಳಿ ಮರ್ಯಾದೆಯ ಉತ್ತರವಿಲ್ಲ.

ನಾಲ್ಕು ದಿನ ಸುಮ್ಮನಿದ್ದು, ಶನಿವಾರ ಅಕ್ಕ ಸೀರೆ ಗಂಟಿನೊಂದಿಗೆ ಹೊರಟಾಗ ನಾನೂ ಬರುತ್ತೇನೆಂದೆ. ಎಂ.ಎಸ್. ಪಾಳ್ಯ ದಾಟುವ ಮೊದಲು ಹೇಳಿಬಿಟ್ಟೆ.

"ಅಕ್ಕ, ಆ ಎಂಟರ ಚಿತ್ರ ಬರ್ದುಕೊಟ್ಟಿದ್ದು ನಾನು. ಭಾಯ್ ಅಲ್ಲ."

"ಗೊತ್ತಲ್ಲ," ಎಂದರು ಅಕ್ಕ ಕನ್ನಡಿ ನೋಡುತ್ತ.

"ಭಾಯ್‌ಗೆ?"

"ಅವ್ರಿಗೂ ಗೊತ್ತು. ಟೆಸ್ಟ್ ದಿನಾನೇ ನೀವ್ ಕೊಟ್ಟ ಚೀಟಿ ತೋರಿಸ್ದೆ. 'ಇದ್ ನಮ್ ಮೇಷ್ಟ್ರ ಅಕ್ಷರ, ಬಿಡಿ ಅಕ್ಕ, ಪಾಪ' ಅಂದ್ರು."

ವರ್ಷವಿಡೀ ಭಾನುವಾರ "ಮೇಷ್ಟ್ರೇ, ಈ ತಿರುವಿಗೆ ನಿಮ್ ಥಿಯರಿ ಏನು?" ಎಂದು ಭಾಯ್ ಕೇಳುತ್ತಲೇ ಇದ್ದರು. ನಾನು ವಿವರವಾಗಿ ಹೇಳುತ್ತಲೇ ಇದ್ದೆ.

"ಮತ್ತೆ ಓನರ್ ಮುಂದೆ ನನ್ ಹೆಸ್ರು ಯಾಕೆ ಹೇಳ್ಲಿಲ್ಲ?"

"ಮೊದ್ಲು ಭಾಯ್ ಬೇಡ ಅಂದ್ರು ಅಂತ. ಆಮೇಲೆ ಆ ಹುಡುಗನ್ನ ತೆಗ್ದ್‌ಹಾಕಿದ್ರಲ್ಲ, ನನ್ ದತ್ತು ಜಾಗ ಖಾಲಿ ಆಯ್ತು." ಎದುರಿನಿಂದ ಅಡ್ಡ ಬಂದ ಆಟೋಗೆ ದಾರಿ ಬಿಟ್ಟು ಮಾತು ಮುಂದುವರಿಸಿದರು. "ನಿಮ್ಮನ್ನ ಹಾಕ್ಕೊಂಡೆ. ದತ್ತು ತಗೊಂಡೋರ್ನ ಬಿಟ್ಕೊಡ್ಬಾರ್ದು ಅಂತ ರೂಲ್ಸ್ ಮಾಡಿದ್ದು ನೀವೇ ಅಲ್ವಾ?"

ತಿರುವು ಬಂತು. ಅಕ್ಕ ರಸ್ತೆಯ ಮಧ್ಯೆ, ಹಾಲು ಚೆಲ್ಲದಂತೆ ತಿರುಗಿಸಿದರು.

"ಅಂದ್ಹಾಗೆ ಮೇಷ್ಟ್ರೇ, ನಿಮ್ ಎಲ್‌ಎಲ್‌ಆರ್ ಯಾವಾಗ? ರಂಗೋಲಿ ಡಬ್ಬ ನಾನ್ ತರ್ತೀನಿ."

ಇದಕ್ಕೆ ನಾನು ಏನೋ ಚುರುಕಾದ ಉತ್ತರ ಕೊಟ್ಟೆ, ಇಬ್ಬರೂ ನಕ್ಕೆವು ಎಂದು ನನ್ನ ನೆನಪು. ಆ ಸಂಜೆಯ ದಿನಚರಿಯಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿರುವುದು ಇಷ್ಟೇ: "ಶೆಟ್ಟಿಹಳ್ಳಿ ಬರುವವರೆಗೂ ಬಲಗಾಲಲ್ಲಿ ಇಲ್ಲದ ಬ್ರೇಕ್ ಒತ್ತುತ್ತಿದ್ದೆ. ಅಕ್ಕ ಒಂದು ಸಲವೂ ಗಟ್ಟಿಯಾಗಿ ಬ್ರೇಕ್ ಹಾಕಲಿಲ್ಲ."