ತಂಗಿಯ ದನಿ ಬಸ್ಸಿಗೆಲ್ಲ ಕೇಳಿಸಿದ್ದು

ತಂಗಿಯ ಗುಟ್ಟನ್ನು ಬಸ್ಸಿನಲ್ಲಿ ಕೇಳಿದ ಯಾರಾದರೂ ಮುನವಳ್ಳಿಯ ಅವಳ ಅತ್ತೆಗೆ ಮುಟ್ಟಿಸಬಹುದಿತ್ತು. ಸುದ್ದಿ ಕಿತ್ತೂರಿನ ಗಂಡಿನ ಕಡೆಯವರ ಕಿವಿಗೆ ಬಿದ್ದು ತಂಗಿಯ ಮಗಳಿಗೆ ಬಂದ ಸಂಬಂಧ ತಪ್ಪಬಹುದಿತ್ತು. ಯಾವನೋ ರೆಕಾರ್ಡ್ ಮಾಡಿಕೊಂಡು ಹತ್ತು ಗ್ರೂಪಿಗೆ ಹರಿಬಿಡಬಹುದಿತ್ತು. ಆಸ್ಪತ್ರೆಯಿಂದ ಅಂತ ಹೇಳಿ ಮೋಸಗಾರರು ಅವಳಿಗೆ ಫೋನ್ ಹಚ್ಚಬಹುದಿತ್ತು. ರಾಮದುರ್ಗದ ನನ್ನ ಬೀಗರು ಒಂದು ಗಾಡಿ ಮಾಡಿಕೊಂಡು ಅಳಲಿಕ್ಕೇ ಬಂದುಬಿಡಬಹುದಿತ್ತು. ಬಸ್ಸು ಸವದತ್ತಿ ಮುಟ್ಟುವುದರೊಳಗೆ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಚಿಂತೆ ಮಾಡುವುದರಲ್ಲಿ ನನಗೆ ಮೂವತ್ತು ವರ್ಷದ ಸರ್ವಿಸು.

ಫೋನಿನ ವಿಷಯಕ್ಕಂತೂ ನಮ್ಮ ಮನೆಗೆ ನಾನೇ ಫೌಜದಾರ. ಹದಿನಾಲ್ಕು ಅಕ್ಷರದ ಪಾಸ್‌ವರ್ಡು; ಅದನ್ನು ಮರೆತು ಎರಡು ಸಲ ನಾನೇ ಹೊರಗುಳಿದಿದ್ದೇನೆ. ಬಸ್‌ಸ್ಟ್ಯಾಂಡಿನ ವೈಫೈ ಅಂದರೆ ಮೈಲಿಗೆ. ಒಂದು ದಿನ ತಂಗಿ ಕೇಳಿದ್ದಳು:

"ಅಣ್ಣಾ, ನಿನ್ನ ಫೋನಿನ್ಯಾಗಿಂದು ಮಂದಿಗೆ ಗೊತ್ತಾಗೂದಿಲ್ಲ, ಹೌದಿಲ್ಲೋ?"

"ಒಳಗ ಇರಿವಿನೂ ಹೋಗೂದಿಲ್ಲ ತಂಗಿ," ಅಂದಿದ್ದೆ, ಎದೆಯುಬ್ಬಿಸಿ.

ಆ ಮಾತು ನಂಬಿ ಅವಳು ಕಳಿಸಿದ ವಾಯ್ಸ್ ಮೆಸೇಜು ಬಂದಾಗ ನಾನು ಬೈಲಹೊಂಗಲದಿಂದ ಸವದತ್ತಿಗೆ ಹೊರಟಿದ್ದೆ. ವೈರಿಲ್ಲದ ಇಯರ್‌ಫೋನು ನಾನು ಮುಟ್ಟುವುದಿಲ್ಲ, ನಡುವೆ ಯಾರಾದರೂ ಕದ್ದು ಕೇಳಿದರೆ ಅಂತ; ವೈರಿನದು ಮನೆಯಲ್ಲೇ ಉಳಿದಿತ್ತು. ಇಂಜಿನ್ ಗದ್ದಲದಲ್ಲಿ ಏನೂ ತಿಳಿಯದೆ ಸ್ಪೀಕರಿನ ದನಿಯನ್ನು ಪೂರ್ತಿ ಏರಿಸಿದೆ. ಅಷ್ಟರಲ್ಲಿ ಒಂದು ಸ್ಟಾಪು ಬಂತು. ಡ್ರೈವರ್ ಇಂಜಿನ್ ಬಂದ್ ಮಾಡಿದ.

"...ಎದಿಯೊಳಗ ಗಂಟಾಗೇತಿ ಅಣ್ಣಾ. ನಾಳೆ ಧಾರವಾಡಕ್ಕ ತೋರಸಾಕ ಹೊಂಟೇನಿ. ಹುಡುಗಿ ನಿಶ್ಚಯ ಆಗೂತನಕ ಯಾರ ಮುಂದೂ ಅನಬ್ಯಾಡ. ಭಾಳ ಹೆದರಿಕಿ ಬರಾಕತ್ತೈತಿ..."

ಬೆರಳಿಗೆ ಬಟನ್ನೇ ಸಿಗಲೊಲ್ಲದು. ಕಂಡಕ್ಟರೇ ಬಂದು, "ಸರ, ಬಂದ್ ಮಾಡ್ರಿ, ಹೆಣ್ಮಕ್ಕಳ ಸುದ್ದಿ ಐತಿ ಅದು," ಅಂದ. ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು. "ಹೆದರಬ್ಯಾಡ ಅಂತ ಹೇಳಪಾ ತಂಗಿಗೆ. ಎಲ್ಲಮ್ಮ ಅದಾಳ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಟಿಕೆಟನ್ನು ಮಡಚುತ್ತ, ಬಿಚ್ಚುತ್ತ ಕೂತೆ.

ಗಂಟು ಸಾದಾ ಗಂಟು, ಅಂಜುವಂಥದ್ದಲ್ಲ ಅಂದರು ಡಾಕ್ಟರು. ಅತ್ತೆಗೆ ಸುಳಿವೂ ಹತ್ತಲಿಲ್ಲ. ನಿಶ್ಚಯವೂ ಆಯಿತು. ಸುಮ್ಮನಿದ್ದರೆ ನಡೆಯುತ್ತಿತ್ತು. ಆದರೆ ನಿಶ್ಚಯದ ದಿನ ಊಟಕ್ಕೆ ಕೂತಾಗ, ಬಡಿಸಲು ಬಂದ ತಂಗಿಗೆ ಬಸ್ಸಿನ ಸುದ್ದಿ ಮೆಲ್ಲಗೆ ಹೇಳಿಬಿಟ್ಟೆ. ಪ್ರಾಮಾಣಿಕತೆ ಅಂತ ಹೇಳಿಕೊಳ್ಳಲಾರೆ. ಅವಳ ಬಾಯಿಂದ "ಇರ್ಲಿ" ಅನ್ನಿಸಿಕೊಳ್ಳುವ ಆಸೆ ಅದು.

"ಎಷ್ಟು ಮಂದಿ ಇದ್ರು?"

"ಬಸ್ ತುಂಬಿತ್ತು."

ಅವಳು ಸೆರಗು ಸರಿಮಾಡಿಕೊಂಡಳು. "ಇರ್ಲಿ ಬಿಡಣ್ಣಾ. ಉಣ್ಣು," ಅಂದು ಇನ್ನೊಂದು ಹೋಳಿಗೆ ಹಾಕಿ ಮುಂದಿನ ಪಂಕ್ತಿಗೆ ಹೋದಳು.

ಮೊದಲೆಲ್ಲ ದಿನಕ್ಕೆರಡು ಸಲ ಅವಳ ದನಿ ಬರುತ್ತಿತ್ತು: ಎಮ್ಮೆ ಒದ್ದದ್ದು, ಅತ್ತೆ ಮುನಿಸಿಕೊಂಡದ್ದು, ನಡುನಡುವೆ ಅವಳದೇ ನಗು. ಈಗ ನಾನೇ "ಹೆಂಗದೀ ತಂಗೀ?" ಅಂತ ಕೇಳುತ್ತೇನೆ. ತಾಸು ಬಿಟ್ಟು ಉತ್ತರ ಬರುತ್ತದೆ, ಟೈಪ್ ಮಾಡಿದ್ದು, ಒಂದೇ ಶಬ್ದ: ಆರಾಮ.