ಕ್ಲಾಡೆಟ್ ಬಿಟ್ಟುಕೊಡದ ಎಚ್ಚರಿಕೆ

ಅಮೆರಿಕದ ವರ್ಮಾಂಟಿನ ಆ ಹಳೆಯ ಉಣ್ಣೆ ಗಿರಣಿಯ ಮಹಡಿ ಕ್ಲಾಡೆಟ್ ಗ್ಯಾನ್ಯೋನಳಿಗೆ ಈಗಲೂ ಕನಸಿನಲ್ಲಿ ಬರುತ್ತದೆ. ಹಿಮದ ಮೇಲೆ ಸ್ಕೀ ಆಡುವವರನ್ನು ಬೆಟ್ಟದ ತುದಿಗೆ ಒಯ್ಯುವ ತೂಗುಕುರ್ಚಿಯ ಲಿಫ್ಟುಗಳಿಗೆ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಪುಟ್ಟ ಕಂಪನಿ ಅಲ್ಲಿತ್ತು. ವೆಂಡೆಲ್ ಬರೆಯುತ್ತಿದ್ದ, ಅವಳು ಪರಿಶೀಲಿಸಿ ಸಹಿ ಹಾಕುತ್ತಿದ್ದಳು. ಹೊಸದಾಗಿ ಸೇರಿದಾಗ ಅವಳಿಗೆ ಕೈಹಿಡಿದು ಕಲಿಸಿದವನೂ ಅವನೇ.

ಒಂದು ಚಳಿಗಾಲ ಕಂಪನಿ ತಪಾಸಣೆಯ ಸಾಫ್ಟ್‌ವೇರ್ ಕೊಂಡಿತು. ಪ್ರೋಗ್ರಾಮನ್ನು ಓಡಿಸದೆ ಬರೀ ಓದಿಯೇ, ಎಲ್ಲಿ ಎಡವಬಹುದೆಂದು ಅದು ಎಚ್ಚರಿಸುತ್ತಿತ್ತು. ಮೊದಲ ದಿನವೇ ಪ್ರಿಂಟರು ನೆಲದುದ್ದಕ್ಕೂ ಕಾಗದ ಉಗುಳಿತು. ಬಹುಪಾಲು ಹುಸಿ ಎಚ್ಚರಿಕೆಗಳು.

"ನಮ್ಮತ್ತೆ ಥರ ಕಣೇ ಇದು. ಎಲ್ಲಾ ಸರಿಯಿದ್ರೂ ಮುಖ ಸಿಂಡರಿಸುತ್ತೆ" ಎಂದ ವೆಂಡೆಲ್.

ಬೇಸತ್ತು ಅವನು ಕೆಲವು ಎಚ್ಚರಿಕೆಗಳ ಬಾಯಿ ಮುಚ್ಚಿಸಿಬಿಟ್ಟ. ಲಿಫ್ಟಿನ ಬ್ರೇಕಿನ ಎಣ್ಣೆಯ ಉಷ್ಣತೆ ನೋಡುವ ಸಾಲಿಗೆ ಬಂದಾಗ ಕ್ಲಾಡೆಟ್‌ಳ ಪೆನ್ಸಿಲ್ ನಿಂತಿತು.

"ಇಲ್ಲಿ ಬಂದಿದ್ದ ಎಚ್ಚರಿಕೆ ಎಲ್ಲಿ ಹೋಯ್ತು?"

"ಅದು ಬರೀ ಕಿರಿಕಿರಿ. ಸಹಿ ಹಾಕಮ್ಮ ತಾಯಿ."

"ಯಾಕೆ ಹುಸಿ ಅಂತ ಬಿಡಿಸಿ ಹೇಳು, ಈಗಲೇ ಹಾಕ್ತೀನಿ."

ವೆಂಡೆಲ್ ಕಾಗದವನ್ನು ಅವಳತ್ತ ತಳ್ಳಿದ. ಮುಖ ಕೆಂಪಾಯಿತು. "ನನ್ನ ಮೇಲೇ ನಂಬಿಕೆ ಇಲ್ವಾ ನಿಂಗೆ?"

ಕ್ಲಾಡೆಟ್ ಪೆನ್ಸಿಲ್ ಕೆಳಗಿಟ್ಟಳು. "ನಿನ್ನ ಮೇಲಿದೆ. ಈ ಸಾಲಿನ ಮೇಲಿಲ್ಲ."

ತೋರಿಸಿಯೇ ಬಿಡುತ್ತೇನೆಂದು ಅವನು ಸಿಟ್ಟಿನಲ್ಲೇ ಎದ್ದು, ಮೇಜಿನ ಮೇಲಿನ ಪರೀಕ್ಷಾ ಪೆಟ್ಟಿಗೆಯ ಉಷ್ಣತೆ ಅಳೆಯುವ ತಂತಿಯನ್ನು ಕಿಟಕಿಯಿಂದ ಹಿಮದೊಳಗೆ ಇಳಿಬಿಟ್ಟ. ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗಿಳಿಯಿತು. ಚಳಿಗೆ ತಾನಾಗಿ ಹೊತ್ತಬೇಕಿದ್ದ, ಎಣ್ಣೆ ಕಾಯಿಸುವ ಹೀಟರಿನ ದೀಪ ಮಾತ್ರ ಹೊತ್ತಲಿಲ್ಲ. ಆ ಸಾಲು ಎರಡು ಅಂಕಿಗಳನ್ನು ಹೋಲಿಸುವಾಗ ಒಂದು ಬದಿಯಲ್ಲಿ ಮೈನಸ್ಸೇ ಗೊತ್ತಿಲ್ಲದ ಮಾದರಿಯ ಸಂಖ್ಯೆಯಿತ್ತು. ಅದರೊಡನೆ ತೂಗುವಾಗ ಮೈನಸ್ ಅಂಕಿ ಭಾರಿ ದೊಡ್ಡ ಅಂಕಿಯಾಗಿಬಿಡುತ್ತಿತ್ತು. ನಿಜವಾದ ಬೆಟ್ಟದ ಮೇಲಾಗಿದ್ದರೆ ಎಣ್ಣೆ ಹೆಪ್ಪುಗಟ್ಟಿ, ಕುರ್ಚಿ ತುಂಬ ಜನರಿರುವಾಗ ಬ್ರೇಕು ತಡವಾಗಿ ಹಿಡಿಯುತ್ತಿತ್ತು.

ವೆಂಡೆಲ್ ತಂತಿಯನ್ನು ಒಳಗೆಳೆದುಕೊಂಡ. ಆಮೇಲೆ ಮೆಲ್ಲಗೆ ನಕ್ಕ. "ಹಲ್ಲು ಕಡಿಯೋ ಚಳೀಲಿ ಎಣ್ಣೆ ಕುದೀತಿದೆ ಅಂತಿದೆಯಲ್ಲೇ ನನ್ನ ಪ್ರೋಗ್ರಾಂ!"

ಅಂದಿನಿಂದ ಶುಕ್ರವಾರಗಳಂದು ಇಬ್ಬರೂ ಡೋನಟ್ ಮುರಿಯುತ್ತ ಒಟ್ಟಿಗೆ ಕೂರತೊಡಗಿದರು. ನಿಜವಾದ ಎಚ್ಚರಿಕೆಯಾದರೆ ತಿದ್ದುವುದು, ಹುಸಿಯಾದರೆ ಯಾಕೆ ಹುಸಿಯೆಂದು ಪಕ್ಕದಲ್ಲೇ ಬರೆಯುವುದು. ಒಂದೊಂದು ಸಾಲಿಗೂ ಜಗಳ, ಒಂದೊಂದು ಜಗಳಕ್ಕೂ ನಗು.

ಮುಂದೆ ಕಂಪನಿ ಮಾರಾಟವಾಗಿ, ವೆಂಡೆಲ್ ತನ್ನ ಮಗಳಿರುವ ಅರಿಜೋನಾಕ್ಕೆ ಹೊರಟ. ಕಾರಿನ ಬಾಗಿಲು ಹಿಡಿದು, "ನಿನ್ನಷ್ಟು ನನ್ನ ಪ್ರಾಣ ತಿಂದವರು ಇನ್ಯಾರೂ ಇಲ್ಲ ಕಣೇ" ಎಂದ. ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಅವಳು ಆಮೇಲೆ ಯಾರ ಬಾಯಿಂದಲೂ ಕೇಳಲಿಲ್ಲ.